ಕೆಂಪು ದಾರದ ಪುಡಿ

(ಮೈಸೂರಿನ ಮಹಿಳಾ ಸಂಘದ ಸಭೆಯಲ್ಲಿ ಆಡಿದ ಮಾತು)



ನಾವು ಐದು ಜನ. ಕ್ಯಾತಮಾರನಹಳ್ಳಿಯವರು. ಚಟ್ನಿಪುಡಿ ಮಾಡಿ ಮಾರುತ್ತೇವೆ. ನೀವೂ ಹೊಸದಾಗಿ ವ್ಯಾಪಾರ ಶುರು ಮಾಡ್ತಾ ಇದ್ದೀರಿ. ಪುಡಿ ಮಾಡೋದು ನಿಮಗೆ ಹೇಳಿಕೊಡಬೇಕಾಗಿಲ್ಲ. ಆ ಪುಡಿ ನಿಮ್ಮದೇ ಅಂತ ಗಿರಾಕಿಗೆ ಗೊತ್ತಾಗೋದು ಹೇಗೆ? ಆ ಮಾತು ಆಡೋಣ ಅಂತ ಬಂದೆವು.

ನಾವು ಸಂಘದಿಂದ 9,000 ರೂಪಾಯಿ ಸಾಲ ಪಡೆದೆವು. ಮೊದಲು ಮಾಡಿದ್ದೇನು ಗೊತ್ತೇ? ಕವರ್ ಅಚ್ಚು ಹಾಕಿಸಿದೆವು. 2,000ಕ್ಕಿಂತ ಕಡಿಮೆ ಆಗಲ್ಲ ಅಂದರು. 6,000 ರೂಪಾಯಿ ಅಲ್ಲೇ ಹೋಯಿತು. ಮೆಣಸಿನಕಾಯಿ, ಕಡಲೆಗೆ ಉಳಿದದ್ದು ಮೂರೇ ಸಾವಿರ.

ಕವರ್ ಮೇಲೆ ತಾಯಿ ಚಾಮುಂಡಿಯ ಚಿತ್ರ ಹಾಕಿಸಿದ್ದೆವು. ಒಳ್ಳೇದಾಗಲಿ ಅಂತ. ಒಬ್ಬ ಅಜ್ಜಿ ಕೇಳಿದರು: "ಪುಡಿ ಮುಗಿದ ಮೇಲೆ ಈ ಕವರನ್ನ ಎಲ್ಲಿಗೆ ಹಾಕಲವ್ವ? ಕಸಕ್ಕೆ ಹಾಕಕ್ಕೆ ಕೈ ಬರಲ್ಲ." ನಮಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಮೆಣಸಿನಕಾಯಿ ಬೆಲೆ ಏರಿತು. ಕವರ್ ಮೇಲೆ 50 ರೂಪಾಯಿ ಅಂತ ಅಚ್ಚಾಗಿತ್ತು. ಅಚ್ಚಾದ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ತಗೊಂಡರೂ ತಪ್ಪು. ಉಳಿದ 1,400 ಕವರ್ ಈಗಲೂ ಅಟ್ಟದ ಮೇಲಿವೆ.

ಆಮೇಲೆ ಬುದ್ಧಿ ಬಂತು. ನಮ್ಮ ಊರನ್ನೇ ಕಣ್ಣುಬಿಟ್ಟು ನೋಡಿದೆವು.

ಎನ್. ರಂಗರಾವ್ ಅವರು 1948ರಲ್ಲಿ ಮೈಸೂರಿನಲ್ಲಿ ಊದುಬತ್ತಿ ವ್ಯಾಪಾರ ಶುರು ಮಾಡಿದರು. ಅವರ ಊದುಬತ್ತಿಗೆ ಹೆಸರು ಸೈಕಲ್. ಊದುಬತ್ತಿಗೂ ಸೈಕಲ್ಲಿಗೂ ಏನು ಸಂಬಂಧ? ಏನೂ ಇಲ್ಲ. ಆದರೆ ಸೈಕಲ್ ಕಾಣದವರು ಯಾರು? ಓದು ಬಾರದವರೂ ಚಿತ್ರ ತೋರಿಸಿ ಕೇಳಬಹುದು. ಬೇರೆ ಭಾಷೆಯವರೂ ಕೇಳಬಹುದು. ಇನ್ನು ನಂಜನಗೂಡಿನ ಹಲ್ಲುಪುಡಿ. ಬಿ.ವಿ. ಪಂಡಿತರು 1913ರಲ್ಲಿ ಕಟ್ಟಿದ ಸದ್ವೈದ್ಯಶಾಲೆಯದು. ಆ ಗುಲಾಬಿ ಬಣ್ಣ ಕಂಡರೆ ಸಾಕು, ಹೆಸರು ಓದೋದೇ ಬೇಡ.

ಹಾಗಾದರೆ ಗುರುತಿಗೆ ಬೇಕಾದ್ದು ದುಡ್ಡಲ್ಲ, ಒಂದು ಚಿತ್ರ ಅಥವಾ ಒಂದು ಬಣ್ಣ ಅಂತ ನಮಗೆ ತೋರಿತು. ನಾವು ಒರಳುಕಲ್ಲಿನ ಚಿತ್ರ ಆರಿಸಿಕೊಂಡೆವು. ನಮ್ಮಲ್ಲಿ ಒಬ್ಬಾಕೆ ಅಕ್ಷರ ಕಲಿತು ಆಗ ಆರೇ ತಿಂಗಳು. ಚೀಟಿ ಬರೆದದ್ದು ಆಕೆಯೇ! ಅಕ್ಷರ ಸ್ವಲ್ಪ ಸೊಟ್ಟ. ಇರಲಿ ಬಿಡಿ, ಯಾರೂ ಬೇಡ ಅನ್ನಲಿಲ್ಲ. ಒಂದು ಹಾಳೆಗೆ ಎಂಟು ಚೀಟಿ. ಜೆರಾಕ್ಸಿಗೆ 2 ರೂಪಾಯಿ. ಅಂದರೆ ಒಂದು ಚೀಟಿಗೆ 25 ಪೈಸೆ. ಬೆಲೆ ಮತ್ತು ತಾರೀಖಿನ ಜಾಗ ಖಾಲಿ ಬಿಟ್ಟು ಕೈಯಲ್ಲಿ ಬರೆಯುತ್ತೇವೆ. ಬೆಲೆ ಬದಲಾದರೂ ಚೀಟಿ ದಂಡವಾಗಲ್ಲ.

ಚೀಟಿಯಲ್ಲಿ ಏನೇನು ಇರಬೇಕು? ಪುಡಿಯ ಹೆಸರು, ಅದರಲ್ಲಿ ಹಾಕಿದ ಸಾಮಾನು, ತೂಕ, ಬೆಲೆ, ಮಾಡಿದ ತಾರೀಖು, ಎಷ್ಟು ದಿನ ಇಡಬಹುದು, ನಮ್ಮ ವಿಳಾಸ. ಸಸ್ಯಾಹಾರ ಅನ್ನೋದಕ್ಕೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ. ತಿನ್ನೋ ಪದಾರ್ಥ ಮಾರೋರು ಆಹಾರ ಸುರಕ್ಷತೆಯ ನೋಂದಣಿ ಮಾಡಿಸಲೇಬೇಕು. ಆ ಸಂಖ್ಯೆಯೂ ಚೀಟಿಯಲ್ಲಿರಬೇಕು.

ಕವರಿನ ಬಾಯಿಗೆ ಕೆಂಪು ದಾರ ಕಟ್ಟಿದೆವು. ಮನೆಯಲ್ಲಿ ಇದ್ದ ದಾರ ಅದು, ಹೆಚ್ಚು ಯೋಚನೆ ಮಾಡಿ ಕಟ್ಟಿದ್ದಲ್ಲ. ಒಂದು ತಿಂಗಳಾಯಿತು. ಅಂಗಡಿಯಣ್ಣ ಹೇಳಿದರು: "ಒರಳು ಗಿರಳು ಯಾರೂ ಕೇಳಲ್ಲ ಕಣಮ್ಮ. ಕೆಂಪು ದಾರದ ಪುಡಿ ಕೊಡಿ ಅಂತಾರೆ." ನಾವು ಇಟ್ಟ ಹೆಸರು ಬಿಟ್ಟೆವು. ಗಿರಾಕಿಗಳು ಇಟ್ಟ ಹೆಸರು ಹಿಡಿದೆವು.

ಒಮ್ಮೆ ಹುರಿಯುವಾಗ ಮೆಣಸಿನಕಾಯಿ ಸೀದುಹೋಯಿತು. ನಾಲ್ಕು ಕೆಜಿ ಪುಡಿ. "ಬೆಲ್ಲ ಹೆಚ್ಚು ಹಾಕಿದರೆ ಗೊತ್ತಾಗಲ್ಲ" ಅಂದರು ಇಬ್ಬರು. ಮೂವರು ಒಪ್ಪಲಿಲ್ಲ. ಬೆಳಗಿನ ತನಕ ಜಗಳ. ಕೊನೆಗೆ ಮಾರಲಿಲ್ಲ. ಆ ವಾರ ಕೂಲಿ ಯಾರಿಗೂ ಸಿಗಲಿಲ್ಲ. ಒಬ್ಬಾಕೆ ಮಗನ ಟ್ಯೂಷನ್ ಫೀಜು ಕಟ್ಟಲಾಗದೆ ಅತ್ತಳು. ಸುಲಭವಾಗಿತ್ತು ಅಂತ ನಾವು ಹೇಳಲ್ಲ. ಆದರೆ ಆ ಪುಡಿ ಅಂಗಡಿಗೆ ಹೋಗಿದ್ದರೆ ಕೆಂಪು ದಾರ ಕಂಡವರು ಕೈ ಹಿಂದಕ್ಕೆ ತಗೊಳ್ತಿದ್ದರು.

ಇನ್ನೊಂದು ಮಾತು. ದೊಡ್ಡ ಕಂಪನಿಯ ಹೆಸರನ್ನೋ ಚಿತ್ರವನ್ನೋ ಹೋಲುವಂತೆ ಮಾಡಬೇಡಿ. ಕೇಸು ಬೀಳುತ್ತೆ. ಊರಿನ ಹೆಸರಿಗೂ ಕಾವಲಿದೆ. ಮೈಸೂರು ರೇಷ್ಮೆ, ಮೈಸೂರು ಅಗರಬತ್ತಿ ಎರಡಕ್ಕೂ 2005ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬೇರೆ ಊರಿನಲ್ಲಿ ಮಾಡಿ ಆ ಹೆಸರು ಅಂಟಿಸುವ ಹಾಗಿಲ್ಲ.

ನಮ್ಮ ಹೆಸರನ್ನು ಬೇರೆಯವರು ಕದ್ದರೆ? ಅದಕ್ಕೆ ಟ್ರೇಡ್‌ಮಾರ್ಕ್ ನೋಂದಣಿ ಇದೆ. ಸಣ್ಣ ಉದ್ದಿಮೆಯವರು ಕಂಪ್ಯೂಟರ್ ಮೂಲಕ ಅರ್ಜಿ ಹಾಕಿದರೆ ಸರ್ಕಾರದ ಶುಲ್ಕ 4,500 ರೂಪಾಯಿ. ನೋಂದಣಿ ಆದರೆ ಹತ್ತು ವರ್ಷ ನಡೆಯುತ್ತೆ. ಸಣ್ಣ ಉದ್ದಿಮೆ ಅಂತ ತೋರಿಸೋಕೆ ಉದ್ಯಮ್ ಪತ್ರ ಬೇಕು. ಅದಕ್ಕೆ ಶುಲ್ಕ ಇಲ್ಲ. ಯಾರಾದರೂ ಕೇಳಿದರೆ ಕೊಡಬೇಡಿ.

ಮೊದಲ ದಿನವೇ 4,500 ಕಟ್ಟಿ ಅಂತ ನಾವು ಹೇಳಲ್ಲ. ಪುಡಿ ಓಡುತ್ತೋ ಇಲ್ಲವೋ ನೋಡಿಕೊಳ್ಳಿ. ನಾವೂ ಈಗಷ್ಟೇ ಒಂದು ಡಬ್ಬಿ ಇಟ್ಟಿದ್ದೇವೆ. ಒಂದು ಪೊಟ್ಟಣ ಮಾರಿದರೆ ಒಂದು ರೂಪಾಯಿ ಅದಕ್ಕೆ. ಮೊನ್ನೆ ಎಣಿಸಿದಾಗ 1,900 ಇತ್ತು.