ಓದಿ ಮುಗಿಯದ ಪುಸ್ತಕ

ಪಾರಾಯಣವೆಂಬ ಮಾತು ನಮ್ಮ ನಾಡಿಗೆ ಹೊಸದಲ್ಲ. ರಾಮಾಯಣವನ್ನೋ ಭಾರತವನ್ನೋ ಹತ್ತು ಸಲ ಓದಿದವರೂ ಹನ್ನೊಂದನೆಯ ಸಲ ಓದಲು ಕುಳಿತುಕೊಳ್ಳುತ್ತಾರೆ. ಕಥೆ ಗೊತ್ತಿಲ್ಲವೆಂದು ಅಲ್ಲ. ಕಥೆ ಗೊತ್ತಿದೆ, ತಾವು ಮಾತ್ರ ಇನ್ನೂ ಅದಕ್ಕೆ ತಕ್ಕವರಾಗಿಲ್ಲ ಎಂಬ ಅಳುಕಿನಿಂದ. ಈ ಹೊತ್ತು ನಾನು ತಮ್ಮ ಮುಂದಿಡುವುದು ಕ್ರೈಸ್ತರ ಮನೆಯಲ್ಲಿ ನಡೆಯುವ ಅಂಥದೇ ಒಂದು ಓದಿನ ವಿಚಾರ.

ನಾನು ಬೆಳೆದದ್ದು ಕರಾವಳಿಯ ಒಂದು ಹಳ್ಳಿಯಲ್ಲಿ. ರಾತ್ರಿ ಊಟವಾದ ಮೇಲೆ ನಮ್ಮಲ್ಲಿ ಕುಟುಂಬ ಪ್ರಾರ್ಥನೆ. ಒಂದು ಹಾಡು, ಸತ್ಯವೇದದಿಂದ ಒಂದು ಅಧ್ಯಾಯ, ಕೊನೆಗೆ ಕರ್ತನ ಪ್ರಾರ್ಥನೆ. ಅಮ್ಮ ಶಾಲೆಯಲ್ಲಿ ಮೂರನೆಯ ತರಗತಿಯಿಂದ ಮುಂದೆ ಹೋದವರಲ್ಲ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದುತ್ತಿದ್ದರು. ನಿದ್ದೆಗಣ್ಣಿನ ನಾನು ಒಂದು ದಿನ, "ಅಮ್ಮಾ, ಇದನ್ನು ಮೊನ್ನೆಯೇ ಓದಿದೆವಲ್ಲ!" ಎಂದೆ. "ಮೊನ್ನೆ ಉಂಡೆಯೆಂದು ಇವತ್ತು ಊಟ ಬಿಟ್ಟೆಯಾ?" ಎಂದು ಕೇಳಿ ಮುಂದಿನ ಸಾಲಿಗೆ ಬೆರಳು ಸರಿಸಿದರು.

ಅಂಥ ತಾಯಂದಿರ ಕೈಗೆ ಆ ಗ್ರಂಥ ಬರುವುದರ ಹಿಂದೆ ದೊಡ್ಡ ದುಡಿಮೆಯಿದೆ. ಬಳ್ಳಾರಿಯಲ್ಲಿ ನೆಲೆಸಿ ಕನ್ನಡ ಕಲಿತ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ಪರಿಶ್ರಮದಿಂದ 1831ರ ವೇಳೆಗೆ ಇಡೀ ಬೈಬಲ್ಲು ಕನ್ನಡದಲ್ಲಿ ಅಚ್ಚಾಯಿತು. ಮುಂದೆ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಅಚ್ಚುಕೂಟವನ್ನು ಸ್ಥಾಪಿಸಿದರು. ಪುಸ್ತಕ ಮನೆಮನೆಗೆ ಬಂದಿತು. ಆದರೆ ಪುಸ್ತಕ ಮನೆಗೆ ಬರುವುದು ಬೇರೆ, ಮನಸ್ಸಿಗೆ ಬರುವುದು ಬೇರೆ.

ಈ ಎರಡನೆಯದಕ್ಕೆ ಏನು ದಾರಿ? ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಮಠವೊಂದರಲ್ಲಿದ್ದ ಗೀಗೋ ಎಂಬ ಸಂನ್ಯಾಸಿ ಇದಕ್ಕೆ ನಾಲ್ಕು ಮೆಟ್ಟಿಲುಗಳ ಏಣಿಯೊಂದನ್ನು ಹೇಳಿದ. ಓದು, ಮನನ, ಪ್ರಾರ್ಥನೆ, ಧ್ಯಾನ. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅದನ್ನು ಅಗಿಯುತ್ತದೆ, ಪ್ರಾರ್ಥನೆಗೆ ಅದರ ರುಚಿ ಸಿಕ್ಕುತ್ತದೆ, ಧ್ಯಾನವೆಂದರೆ ಆ ಸವಿಯೇ ಎಂಬುದು ಅವನ ವಿವರಣೆಯ ಸಾರ. ನಮ್ಮ ಹಿರಿಯರು ಹೇಳಿದ ಶ್ರವಣ, ಮನನ, ನಿದಿಧ್ಯಾಸನಗಳಿಗೆ ಇದು ಬಹು ದೂರದ ಮಾತಲ್ಲ. ನನ್ನ ತಾಯಿ ಗೀಗೋನ ಹೆಸರನ್ನು ಕೇಳಿದವರಲ್ಲ. ಆದರೂ ಊಟದ ಉಪಮೆ ಇಬ್ಬರಿಗೂ ಒಂದೇ ಹೊಳೆಯಿತು.

ಹದಿನೈದನೆಯ ಶತಮಾನದಲ್ಲಿದ್ದ ತಾಮಸ್ ಆ ಕೆಂಪಿಸ್ ಎಂಬ ಸಾಧುವಿನ ಹೆಸರನ್ನು ತಮ್ಮಲ್ಲಿ ಅನೇಕರು ಕೇಳಿರಬಹುದು. ನೆದರ್‌ಲೆಂಡ್ಸಿನ ಒಂದು ಮಠದಲ್ಲಿ ಗ್ರಂಥಗಳನ್ನು ನಕಲು ಮಾಡುವುದು ಅವನ ಕಾಯಕವಾಗಿತ್ತು. ಇಡೀ ಬೈಬಲ್ಲನ್ನು ಅವನು ನಾಲ್ಕು ಬಾರಿಯಾದರೂ ಕೈಯಿಂದ ಬರೆದನಂತೆ. ಕೈ ಬರೆಯುವಷ್ಟೇ ವೇಗದಲ್ಲಿ ಕಣ್ಣು ಓದಿದರೆ ಮಾತು ಎಷ್ಟು ಆಳಕ್ಕೆ ಇಳಿದೀತು! ಆ ಆಳದಿಂದ ಬಂದದ್ದು 'ಕ್ರಿಸ್ತಾನುಕರಣ' ಎಂಬ ಚಿಕ್ಕ ಪುಸ್ತಕ. ಸ್ವಾಮಿ ವಿವೇಕಾನಂದರು ಪರಿವ್ರಾಜಕರಾಗಿ ದೇಶ ಸುತ್ತಿದಾಗ ಭಗವದ್ಗೀತೆಯ ಜೊತೆಗೆ ಇದನ್ನೂ ಇಟ್ಟುಕೊಂಡಿದ್ದರು. 1889ರಲ್ಲಿ ಅದರ ಕೆಲವು ಅಧ್ಯಾಯಗಳನ್ನು ಬಂಗಾಳಿಗೂ ತಂದರು.

ಇಷ್ಟೆಲ್ಲ ತಿಳಿದ ನಾನು ಒಳ್ಳೆಯ ಓದುಗನೇ ಎಂದು ತಾವು ಭಾವಿಸಬಹುದು. ನಾನೂ ಹಾಗೆಯೇ ಭಾವಿಸಿದ್ದೆ.

ತಂದೆ ತೀರಿಕೊಂಡ ಮೇಲೆ ನಮ್ಮ ತೆಂಗಿನ ತೋಟ ಪಾಲಾಯಿತು. ಸಿಹಿನೀರಿನ ಬಾವಿ ನನ್ನ ಪಾಲಿಗೆ ಬಂದಿತು. ನಾನು ಅದರ ಸುತ್ತ ಬೇಲಿ ಹಾಕಿಸಿದೆ. ಅಣ್ಣ ನಾಲ್ಕು ಜನರ ಮುಂದೆ ನನ್ನನ್ನು ಕಟುವಾಗಿ ನಿಂದಿಸಿ, ಹೊಳೆಯ ಬದಿಯಲ್ಲಿ ಬೇರೆ ಬಾವಿ ತೋಡಿಸಿಕೊಂಡ. ಅಲ್ಲಿಂದ ಒಂಬತ್ತು ವರ್ಷ ನಮಗೆ ಮಾತಿಲ್ಲ. ಅವನ ಆ ಮಾತುಗಳನ್ನು ಕ್ಷಮಿಸಿದ್ದೇನೆಂದು ನಾನು ಪ್ರತಿದಿನವೂ ದೇವರಲ್ಲಿ ಅರಿಕೆಮಾಡುತ್ತಿದ್ದೆ. ಅದರಿಂದ ಒಂದು ಬಗೆಯ ಸಮಾಧಾನವೂ ಸಿಕ್ಕುತ್ತಿತ್ತು.

ಅಮ್ಮ ಹೋದ ಮೇಲೆ ಅವರ ಸತ್ಯವೇದ ನನ್ನ ಕೈಗೆ ಬಂದಿತು. ಶುಭ ಶುಕ್ರವಾರದ ಹಿಂದಿನ ವಾರ, ಒಂದು ರಾತ್ರಿ, ಅವರಂತೆಯೇ ಬೆರಳಿಟ್ಟು ಓದೋಣವೆಂದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯವನ್ನು ತೆರೆದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ಒಂದಾಗು ಎಂದು ಕ್ರಿಸ್ತನು ಬೋಧಿಸುವ ಭಾಗ ಅದು. ನನಗೆ ಬಾಯಿಪಾಠವಾಗಿತ್ತು. ಆದರೆ ಬೆರಳು ನಿಂತ ಕಡೆ ಕಣ್ಣೂ ನಿಂತಿತು. ನಿನಗೆ ಸಹೋದರನ ಮೇಲೆ ದೂರಿದ್ದರೆ ಎಂದು ಅಲ್ಲಿ ಇಲ್ಲ. ಸಹೋದರನಿಗೆ ನಿನ್ನ ಮೇಲೆ ದೂರಿದ್ದರೆ ಎಂದಿದೆ! ಮೂವತ್ತು ವರ್ಷ ನಾನು ಆ ವಾಕ್ಯವನ್ನು ತಿರುಗುಮುರುಗಾಗಿ ಓದಿದ್ದೆ. ಅಣ್ಣನ ಮಾತನ್ನು ಕ್ಷಮಿಸಿದ್ದೆ. ನನ್ನ ಬೇಲಿಯನ್ನು ಮರೆತಿದ್ದೆ.

ಮರುದಿನ ಅವನ ಮನೆಯ ಅಂಗಳದಲ್ಲಿ ನಿಂತೆ. "ಅಣ್ಣಾ, ಬೇಲಿ ತೆಗೆಸುತ್ತೇನೆ" ಎಂದಷ್ಟೇ ಹೇಳಲು ಸಾಧ್ಯವಾಯಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ಹೇಳಲು ಒಂಬತ್ತು ವರ್ಷ ಬೇಕಾಯಿತೇನೋ?" ಎಂದ. ಆಮೇಲೆ, "ಒಳಗೆ ಬಾ" ಎಂದ. ಅತ್ತಿಗೆ ಕಾಫಿ ತಂದಿಟ್ಟರು. ಅದು ಬೇಸಗೆಯ ಕಾಲ. ಹೊಳೆಗೆ ಕಡಲಿನ ನೀರು ಏರಿತ್ತು. ಆ ಕಾಫಿಯಲ್ಲಿ ಉಪ್ಪಿನ ರುಚಿಯಿತ್ತು. ಒಂಬತ್ತು ಬೇಸಗೆ ಆ ಮನೆಯ ಮಕ್ಕಳು ಕುಡಿದ ನೀರು ಅದು. ನಾನು ಏನೂ ಹೇಳದೆ ಪೂರ್ತಿಯಾಗಿ ಕುಡಿದೆ.

ಹಳೆಯ ಸಲಿಗೆ ಒಂದೇ ದಿನದಲ್ಲಿ ಮರಳಿತೆಂದು ನಾನು ಹೇಳಲಾರೆ. ಬೇಲಿ ಹೋಯಿತು, ಕೊಡ ಬಂದಿತು, ಮೆಲ್ಲನೆ ಮಾತೂ ಬಂದಿತು.

ಭಕ್ತಿಯ ಓದಿಗೆ ಪಾಂಡಿತ್ಯ ಬೇಕಿಲ್ಲ, ದೀರ್ಘ ಸಮಯವೂ ಬೇಕಿಲ್ಲ. ತಮ್ಮ ಮನೆಯ ಗ್ರಂಥ ಯಾವುದೇ ಇರಲಿ, ದಿನಕ್ಕೆ ಹತ್ತು ನಿಮಿಷ ಸಾಕು. ಗೊತ್ತಿರುವ ಭಾಗವನ್ನೇ ತೆಗೆಯಿರಿ. ಇದು ನೆರೆಯವನಿಗೆ ಹೇಳಿದ ಮಾತು ಎಂದು ತೋರಿದ ಕಡೆಯಲ್ಲಿ ಮತ್ತೊಮ್ಮೆ ಓದಿರಿ. ಸಾಲಿನ ಕೆಳಗೆ ಬೆರಳಿರಲಿ. ಅದು ಎಲ್ಲಿ ನಿಲ್ಲುವುದೋ ಅಲ್ಲಿ ತಾವೂ ಸ್ವಲ್ಪ ನಿಲ್ಲಿರಿ.