ಪ್ಯಾರಿ ಯಾರ ಮಗ?

ಪ್ಯಾರೀಸ್ ಕಾರ್ನರಿನಲ್ಲಿ ದಿನವೂ ಬಸ್ಸಿಳಿಯುವ ನಾವು ಆ ಪ್ಯಾರಿ ಯಾರೆಂದು ಕೇಳಿದವರಲ್ಲ. ಥಾಮಸ್ ಪ್ಯಾರಿ 1788ರಲ್ಲಿ ಮದರಾಸಿಗೆ ಬಂದು ವ್ಯಾಪಾರ ಹೂಡಿದ; 1824ರಲ್ಲಿ ಕಾಲರಾದಿಂದ ತೀರಿಕೊಂಡ. ಆತ ವೇಲ್ಸ್ ನಾಡಿನವ. ಅಲ್ಲಿಯ ನುಡಿಯಲ್ಲಿ 'ಅಪ್' ಎಂದರೆ ಅಪ್ಪನಲ್ಲ, ಮಗ! ಹ್ಯಾರಿಯ ಮಗ 'ಅಪ್ ಹ್ಯಾರಿ'. ತಲೆಮಾರಿಗೊಮ್ಮೆ ಬದಲಾಗುತ್ತಿದ್ದ ಈ ಗುರುತು, ಇಂಗ್ಲಿಷರ ರೀತಿ ಅಲ್ಲಿ ಹಬ್ಬಿದಾಗ, ಪ್ಯಾರಿ ಎಂಬ ಮನೆತನದ ಹೆಸರಾಗಿ ನಿಂತುಬಿಟ್ಟಿತು. ಪ್ರೈಸ್, ಪೊವೆಲ್ ಎಂಬುವೂ ಹೀಗೆಯೇ ಹುಟ್ಟಿದವು.

ನಮ್ಮ ಹೆಸರಿನ ಮುಂದೆಯೂ ಊರಿದೆ, ಅಪ್ಪನಿದ್ದಾನೆ. ಆದರೂ ನಾವು ದುಡಿದ ಒಂದು ಹೋಟೆಲಿನ ಹಾಜರಿ ಪುಸ್ತಕದಲ್ಲಿ ಬರೀ 'ಮಾಣಿ' ಎಂದಿತ್ತು. ಸಂಬಳದ ಬಾಕಿ ಕೇಳಿದಾಗ, ನಿಮ್ಮ ಹೆಸರು ಪುಸ್ತಕದಲ್ಲೇ ಇಲ್ಲವೆಂದರು.

ಸದಸ್ಯರ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ. ಊರು, ಅಪ್ಪನ ಹೆಸರು ಪೂರ್ತಿ ಬರೆಸಿ ಹೋಗಿ.