ಗುಡುಗುಡಿಯ ಚಟಕ್ಕೊಂದು ಅಳತೆಗೋಲು

ಹುಕ್ಕಾಕ್ಕೆ ಕನ್ನಡದಲ್ಲಿ ಗುಡುಗುಡಿ ಎಂಬ ಹೆಸರುಂಟು. ಹೊಗೆಯು ನೀರನ್ನು ಹಾದುಬರುವಾಗಿನ ಸದ್ದೇ ಅದರ ನಾಮಧೇಯವಾಯಿತು. ಬೀದರಿನ ಕುಶಲಕರ್ಮಿಗಳು ಕಪ್ಪು ಲೋಹದಲ್ಲಿ ಬೆಳ್ಳಿಯ ಬಳ್ಳಿಗಳನ್ನು ಹುದುಗಿಸಿ ರಚಿಸಿದ ಹುಕ್ಕಾ ಬುರುಡೆಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಆದರೆ ಹುಕ್ಕಾ ಅಲ್ಲಿಗೇ ನಿಲ್ಲಲಿಲ್ಲ. ಈ ಶತಮಾನದಲ್ಲಿ ಹಣ್ಣಿನ ಪರಿಮಳವನ್ನು ಹೊತ್ತು ಇಂದಿರಾನಗರ, ಕೋರಮಂಗಲಗಳ ಮಹಡಿಗಳನ್ನೇರಿತು. ವಿಮಾನಪುರದ ತರುಣರಿಗೂ ಅದು ದೂರವಾಗಿರಲಿಲ್ಲ.

2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹುಕ್ಕಾದ ಮಾರಾಟ, ಸೇವನೆಗಳನ್ನು ನಿಷೇಧಿಸಿತು; ಅದೇ ಏಪ್ರಿಲಿನಲ್ಲಿ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಆಜ್ಞೆಯಿಂದ ಅಂಗಡಿಯ ಬಾಗಿಲು ಮುಚ್ಚೀತು. ಸೇದಿದವನ ಒಳಗಿನ ಹಂಬಲ ಮುಚ್ಚುವುದೆಂತು? ಅದಕ್ಕೆ ಮೊದಲು ಆ ಹಂಬಲವೆಷ್ಟೆಂದು ತಿಳಿಯಬೇಕಷ್ಟೆ.

“ವಾರಕ್ಕೊಮ್ಮೆ ಗೆಳೆಯರೊಡನೆ ಸೇದುವುದು ಚಟವೇ?” ಎಂದು ಕೇಳುವವರುಂಟು. ಸಿಗರೇಟಿನ ಚಟವನ್ನಳೆಯಲು ಫಾಗರ್‌ಸ್ಟ್ರಾಮ್ ಪರೀಕ್ಷೆಯಿದೆ. ಎಚ್ಚರವಾದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು, ದಿನಕ್ಕೆಷ್ಟು, ಎಂಬಂಥ ಆರು ಪ್ರಶ್ನೆಗಳು ಅದರಲ್ಲಿವೆ. ಹುಕ್ಕಾ ಸೇದುವವನಿಗೆ ಈ ಗೋಲು ಹೊಂದದು. ಅವನು ಎದ್ದೊಡನೆ ಕೆಂಡ ಹೊತ್ತಿಸುವವನಲ್ಲ. ಹಾಗೆಂದು ಅವನ ಪಾಲು ಅಲ್ಪವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2005ರ ಟಿಪ್ಪಣಿಯಂತೆ ಸಿಗರೇಟೊಂದಕ್ಕೆ 8ರಿಂದ 12 ದಮ್ಮು. ಹುಕ್ಕಾದ ಒಂದು ಕೂಟದಲ್ಲಿ 50ರಿಂದ 200. ನೀರು ಹೊಗೆಯನ್ನು ತಣಿಸುತ್ತದೆ, ಶುದ್ಧಗೊಳಿಸುವುದಿಲ್ಲ. ತಂಬಾಕಿಲ್ಲದ ಹುಕ್ಕಾದಲ್ಲಿಯೂ ಇದ್ದಲಿನ ಕಾರ್ಬನ್ ಮೊನಾಕ್ಸೈಡ್ ತಪ್ಪಿದ್ದಲ್ಲ.

ಆದುದರಿಂದಲೇ ಲೆಬನಾನಿನ ಸಂಶೋಧಕರು 2008ರಲ್ಲಿ ಹುಕ್ಕಾಕ್ಕೆಂದೇ ಹನ್ನೊಂದು ಪ್ರಶ್ನೆಗಳ ಮಾಪಕವೊಂದನ್ನು ಪ್ರಕಟಿಸಿದರು. ಎಷ್ಟು ದಿನ ಬಿಟ್ಟಿರಬಲ್ಲೆ? ಆದಾಯದಲ್ಲಿ ಎಷ್ಟು ಪಾಲು ಇದಕ್ಕೆ ತೆರಬಲ್ಲೆ? ಊಟವನ್ನು ಬಿಟ್ಟಾದರೂ ಸೇದುವೆಯಾ? ಒಬ್ಬನೇ ಕುಳಿತು ಸೇದುವುದುಂಟೆ? ಒಟ್ಟು ಅಂಕ 33. ಹತ್ತು ಮುಟ್ಟಿದರೆ ಅವಲಂಬನೆಯ ಸೂಚನೆ. ನನಗೆ ಒಂಟಿತನದ ಪ್ರಶ್ನೆಯೇ ಬಹಳ ಸೂಕ್ಷ್ಮವಾದುದೆಂದು ತೋರುತ್ತದೆ. ಗೆಳೆತನ ನೆಪವಾಗಿ ಬಂದ ಹೊಗೆ, ಗೆಳೆಯರಿಲ್ಲದಾಗಲೂ ಬೇಕೆನಿಸಿದರೆ ಅದು ಗೆಳೆತನದ ಎಲ್ಲೆಯನ್ನು ದಾಟಿತೆಂದೇ ಅರ್ಥ.

ಅವಲಂಬನೆ ಬೇರೆ, ತಲಬು ಬೇರೆ. ಒಂದು ತಿಂಗಳುಗಳಲ್ಲಿ ಬೆಳೆದ ಬೇರು. ಇನ್ನೊಂದು ಈ ಕ್ಷಣದ ಸೆಳೆತ. ತಲಬನ್ನಳೆಯುವ ಪ್ರಶ್ನಾವಳಿಗಳು ಅದರಲ್ಲಿ ಎರಡು ಎಳೆಗಳನ್ನು ಗುರುತಿಸಿವೆ: ಸುಖದ ನಿರೀಕ್ಷೆ ಮತ್ತು ಬೇಸರದಿಂದ ಬಿಡುಗಡೆಯ ಬಯಕೆ. ಮೊದಲನೆಯದಕ್ಕಾಗಿ ಆರಂಭಿಸಿದವನು ಎರಡನೆಯದಕ್ಕಾಗಿ ಮುಂದುವರಿಸುವಂತಾದರೆ ಅದೇ ವ್ಯಸನದ ದಾರಿ.

ಅಂಕಗಳು ಯಾರನ್ನೂ ದೂಷಿಸಲೆಂದು ಇರುವುವಲ್ಲ. ಜ್ವರಮಾಪಕ ರೋಗಿಯನ್ನು ನಿಂದಿಸುತ್ತದೆಯೆ? ನಮ್ಮ ನಗರದ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ಅಲ್ಲಿಗೆ ಹೋಗುವ ಮುನ್ನ ಮೇಲಿನ ನಾಲ್ಕು ಪ್ರಶ್ನೆಗಳನ್ನು ಮನೆಯಲ್ಲೇ, ಯಾರೂ ಕೇಳಿಸಿಕೊಳ್ಳದಂತೆ, ತನಗೆ ತಾನೇ ಕೇಳಿಕೊಳ್ಳಬಹುದು. ಉತ್ತರ ಮಾತ್ರ ಪ್ರಾಮಾಣಿಕವಾಗಿರಬೇಕು.